ತಲೆ ಬಗ್ಗಿಸಿದರೆ ನಿಲ್ಲುವ ಭಜನೆ

ಹೊಸನಗರದಲ್ಲಿ ನಾನು ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿಕೊಂಡಿದ್ದಾಗ ರಿಪ್ಪನ್‌ಪೇಟೆಯ ಸುಬ್ಬಮ್ಮನವರ ಮನೆಯಿಂದ ಕರೆ ಬಂತು. ಅವರಿಗೆ ಕಿವಿ ಮಂದ. ಭಜನೆ ಕ್ಯಾಸೆಟ್ ಹಾಕಿದರೆ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸುತ್ತಿತ್ತಂತೆ. ಅದಕ್ಕೇ ಬೊಂಬಾಯಿಯ ಅಳಿಯ ತಂತಿಯೇ ಇಲ್ಲದ ಫಾರಿನ್ ಹೆಡ್‌ಫೋನು ಕಳಿಸಿದ್ದರು. "ಇದು ಸರಿಯಾಗದಿದ್ರೆ ಟೇಪ್‌ರೆಕಾರ್ಡರ್ ಅಟ್ಟಕ್ಕೆ" ಎಂದು ಸೊಸೆ ನಿರ್ಮಲಾ ಮೊದಲೇ ಹೇಳಿಬಿಟ್ಟರು.

ದೇವರನ್ನು ನೆನೆದು, ಹೆಡ್‌ಫೋನಿಗೆ ಹಾಡು ಕಳಿಸುವ ಪುಟ್ಟ ಪೆಟ್ಟಿಗೆಯನ್ನು ಟೇಪ್‌ರೆಕಾರ್ಡರಿಗೆ ಜೋಡಿಸಿ, ದೇವರ ಪಟದ ಪಕ್ಕದ ಗೂಡಿನಲ್ಲಿಟ್ಟೆ. ಹೆಡ್‌ಫೋನು ಕಿವಿಗೇರಿಸಿ ಭಜನೆ ಹಾಕಿದ್ದೇ ಸುಬ್ಬಮ್ಮನವರ ಮುಖ ಅರಳಿತು. ಭಕ್ತಿ ಉಕ್ಕಿ ತಲೆ ಬಗ್ಗಿಸಿ ಕೈಮುಗಿದವರು, ಕೂಡಲೇ ತಲೆ ಎತ್ತಿದರು.

"ನಿಂತೇಹೋಯ್ತಲ್ಲ ಮಾರಾಯ! ಅರೆ, ಈಗ ಬಂತು." ಮತ್ತೆ ಬಗ್ಗಿದರು. "ಹೋಯ್ತು! ನಾ ನಮಸ್ಕಾರ ಮಾಡಿದ್ರೆ ದೇವ್ರಿಗೆ ಸಿಟ್ಟಾ?"

"ಸಿಟ್ಟಲ್ಲ ಅಮ್ಮ. ಪೆಟ್ಟಿಗೆಯಿಂದ ಕಣ್ಣಿಗೆ ಕಾಣದ ಬೆಳಕು ಬರ್ತದೆ. ಹೆಡ್‌ಫೋನು ಅದಕ್ಕೆ ಎದುರಾಗಿರ್ಬೇಕು."

"ಹಂಗಾದ್ರೆ ಎದೆ ಸೆಟೆಸಿಕೊಂಡು ಭಜನೆ ಕೇಳ್ಬೇಕಾ? ಬೇಡಪ್ಪ, ತಗೊಂಡ್ಹೋಗು."

ನಾನು ಪೆಟ್ಟಿಗೆಯನ್ನು ಪಟದ ಕೆಳಗೆ ನೆಲಕ್ಕಿಳಿಸಿ ಮೇಲ್ಮುಖ ಮಾಡಿದೆ. ಈಗ ಬಗ್ಗಿದರೆ ಮಾತ್ರ ಹಾಡು ಕೇಳಿಸತೊಡಗಿತು. ಸುಬ್ಬಮ್ಮ ಬಗ್ಗಿದವರು, ಕ್ಯಾಸೆಟ್ಟಿನ ಒಂದು ಬದಿ ಮುಗಿಯುವವರೆಗೂ ಏಳಲಿಲ್ಲ.

"ಇನ್ನು ಅತ್ತೆಯ ಸೊಂಟ ರಿಪೇರಿಗೆ ಯಾರನ್ನ ಕರೀಲಿ?" ಎಂದರು ನಿರ್ಮಲಾ.

ನಾನೂ ದಿನಾ ಎರಡು ಹೊತ್ತು ದೇವರಿಗೆ ಅಡ್ಡಬೀಳುವವನು. ಭಗವಂತ ಕರುಣಾಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಗ್ಗಿದ ಕೂಡಲೇ ಓಗೊಟ್ಟದ್ದನ್ನು ನಾನು ಕಂಡದ್ದು ಆ ಪೆಟ್ಟಿಗೆಯೊಂದರಲ್ಲೇ.