ಧೂಳಪ್ಪನವರು ‘ತುಂಬ್ಯಾದ’ ಅಂದದ್ದು

ನಿಲಂಗಾದ ಧೂಳಪ್ಪನವರೊಂದಿಗೆ ನನ್ನ ಮೊದಲ ಮಾತುಕತೆಯನ್ನು ಗೊತ್ತುಮಾಡಿಕೊಟ್ಟವರು ಅದೇ ಊರಿನ ಕಾಳಿನ ವ್ಯಾಪಾರಿ ಬಕ್ಕಪ್ಪ. ‘ಅಮಾಸಿಗೆ ಬಾ ಅನ್ರಿ. ಅವತ್ತು ನಾ ಕಬ್ಬಿಣ ಮುಟ್ಟಂಗಿಲ್ಲ, ಮಾತಾಡ್ಲಿಕ್ಕೆ ಬಾಯಿ ಖಾಲಿ ಇರ್ತದ’ ಎಂದು ಧೂಳಪ್ಪ ಹೇಳಿಕಳಿಸಿದ್ದರು.

ನಿಜಾಮನ ಕಾಲದಲ್ಲಿ ಅವರ ತಂದೆ ಜಮೀನ್ದಾರರಾದ ದೇಶಮುಖರ ಬಂದೂಕುಗಳನ್ನು ರಿಪೇರಿ ಮಾಡುತ್ತಿದ್ದರು. ಮಗ ಪಂಪುಸೆಟ್ಟುಗಳಿಗೆ ಇಳಿದರು. 1993ರ ಭೂಕಂಪದಲ್ಲಿ ಅವರ ವಾಡೆಗಳ ಗೋಡೆ ಕುಸಿದು, ಒಳಗೆ ಬಚ್ಚಿಟ್ಟಿದ್ದ ತೋಡೇದಾರ, ಅಂದರೆ ಬತ್ತಿಯ ಬಂದೂಕುಗಳು ಹೊರಬಿದ್ದ ಮೇಲೆ, ಅಸಲಿ ಯಾವುದು ನಕಲಿ ಯಾವುದೆಂದು ಕೇಳಿಕೊಂಡು ಜನ ಅವರಲ್ಲಿಗೆ ಬರತೊಡಗಿದರು. ಉಪ್ಪುನೀರು ಬಳಿದು ಹಿಡಿಸಿದ ತುಕ್ಕನ್ನು ಅವರು ನಾಲಿಗೆಯಿಂದಲೇ ಗುರುತಿಸುತ್ತಿದ್ದರು.

ಆ ಅಮಾವಾಸ್ಯೆಯಂದು ಧೂಳಪ್ಪ, ಬಕ್ಕಪ್ಪ, ನಾನು ಮೂವರೂ ಕೂತಿದ್ದಾಗ ಸಾಸ್ತೂರದ ರೈತ ವೀರಭದ್ರ ಗೋಣಿತಟ್ಟಿನಲ್ಲಿ ಸುತ್ತಿದ ಬಂದೂಕು ತಂದರು. ಮರುದಿನ ಅದನ್ನು ನೋಡಲು ಹಳೆಯ ಆಯುಧಗಳ ಸಂಗ್ರಾಹಕರೊಬ್ಬರು ಬರುವವರಿದ್ದರು. ಅಜ್ಜನ ಬಂದೂಕು ನಕಲಿ ಎನಿಸಿಕೊಂಡೀತೆಂಬುದು ವೀರಭದ್ರರ ಆತಂಕ.

ಧೂಳಪ್ಪ ಕಬ್ಬಿಣ ಮುಟ್ಟಲಿಲ್ಲ. ನಳಿಕೆಯ ಆಕಾರವನ್ನು ಬಹಳ ಹೊತ್ತು ದಿಟ್ಟಿಸಿದರು. ಜೋಳದ ದಂಟೊಂದನ್ನು ಅದರೊಳಗೆ ಇಳಿಸಿ, ಹೊರತೆಗೆದು, ನಳಿಕೆಯ ಹೊರಗೆ ಪಕ್ಕಕ್ಕೆ ಹಿಡಿದು ಅಳೆದರು. ನಾಲ್ಕು ಬೆರಳು ಕಡಿಮೆ ಬಂತು. ದಂಟನ್ನು ಕೆಳಗಿಟ್ಟು ಹೇಳಿದರು:

‘ಅಸಲಿ ಅದ. ಆದ್ರ ತುಂಬ್ಯಾದ. ಇಲ್ಲೇ ಬಿಟ್ಟು ಹೋಗು.’

‘ಭೂಕಂಪದಾಗ ಯಾರ ಬಾಯಿ ತುಂಬಲಿಲ್ಲ ಕಾಕಾ?’ ವೀರಭದ್ರ ನಕ್ಕರು. ‘ಇಲ್ಲಿ ಬಿಟ್ರ ನಾಳಿಗಿ ಇದರ ನಕಲಿ ತಮ್ಮ ನನ್ನ ಕೈಗೆ ಬರ್ತಾನ!’

‘ನನಗ ಕಳ್ಳ ಅಂತೀ? ಒಯ್ಯಿ, ಮೊದಲ ಒಯ್ಯಿ!’

ವೀರಭದ್ರ ಬಂದೂಕನ್ನು ಸುತ್ತಿಕೊಂಡು ಹೋದರು. ಸಿಟ್ಟು ಇಳಿದ ಮೇಲೆ ಧೂಳಪ್ಪನವರಿಗೆ ಆ ನಗು ಅರ್ಥವಾಯಿತು.

‘ನಾ ತುಂಬ್ಯಾದ ಅಂದದ್ದು ಮದ್ದು-ಗುಂಡು. ಅಂವಾ ಮಣ್ಣು ಅಂತ ತಿಳಕೊಂಡಾನ. ಬಕ್ಕಪ್ಪಾ, ಓಡು!’

ಬಕ್ಕಪ್ಪ ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಸಾಸ್ತೂರದ ಬಸ್ಸು ಹೊರಟುಹೋಗಿತ್ತು. ಧೂಳಪ್ಪನವರೂ ನಾನೂ ಜೀಪು ಹಿಡಿದೆವು.

ಸಾಸ್ತೂರದ ಹೊಸ ಮನೆಗಳ ಸಾಲಿನಲ್ಲಿ ಒಂದರ ಮುಂದೆ ಜನ ಸೇರಿದ್ದರು. ವೀರಭದ್ರರ ಹೆಂಡತಿ ರಂಭಾಬಾಯಿ ಹೊಸ್ತಿಲ ಮೇಲೆ ಕೂತಿದ್ದರು.

‘ಮಣ್ಣು ಸಡಿಲಾಗಲಿ ಅಂತ ನಳಿಕಿ ಒಲ್ಯಾಗ ಇಟ್ರು,’ ಅಂದರು. ‘ಮಣ್ಣು ಬಿಟ್ಟದೇನು ಅಂತ ಅದರ ಬಾಯಾಗ ಬಗ್ಗಿ ನೋಡಿದ್ರು.’

ವೀರಭದ್ರ, ರೈತ, ಸಾಸ್ತೂರ. ಮರಣ: 1996ರ ಫೆಬ್ರವರಿ 18, ಭಾನುವಾರ.