ಕರೆಂಟಿನ ತವರುಮನೆ

ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಆಳೆತ್ತರದಿಂದ ಧುಮುಕುವ ಒಂದು ಜಾಗದಲ್ಲಿ ಸಣ್ಣ ಪವರ್‌ಹೌಸ್ ಇದೆ. ಅದರ ಗೇಟಿನ ಎಡಗಂಬ ಮಾತ್ರ ನಿಂತಿರುವುದು ನನ್ನ ಗೆಳೆಯ ದೊಡ್ಡಬಸಪ್ಪ ಮಾರಿದ ಹೊಲದ ತುಂಡಿನಲ್ಲಿ. ಆ ಒಂದು ಕಂಬದ ಬಲದ ಮೇಲೆ ಅವನು ತನ್ನನ್ನು ವಿದ್ಯುತ್ತಿನ ಹೆತ್ತಪ್ಪ ಎಂದುಕೊಂಡಿದ್ದಾನೆ. ಬೀಗರು ಬಂದರೆ ಚಹಾಕ್ಕಿಂತ ಮೊದಲು ಟರ್ಬೈನಿನ ಸದ್ದು ಕೇಳಿಸಿ, ‘ಕರೆಂಟಿನ ತವರುಮನಿರಿ ಇದು’ ಎನ್ನುತ್ತಾನೆ. ಊರಲ್ಲಿ ದೀಪ ಹೋದಾಗ ಮಾತ್ರ ಈ ಹೆತ್ತಪ್ಪ ಯಾರ ಕೈಗೂ ಸಿಗುವುದಿಲ್ಲ. ಫ್ಯೂಸು ಹೋದರೆ ಹೆಂಡತಿಯನ್ನು ಕೂಗುವ ನನಗೆ ಇವನನ್ನು ನೋಡಿ ನಗುವ ಹಕ್ಕಿಲ್ಲ. ಆದರೂ ನಗುತ್ತೇನೆ.

ಅವನ ಹೊಲ ಕಾಲುವೆಗಿಂತ ಎತ್ತರ. ಭತ್ತದ ಸಸಿಗೆ ಬೋರ್‌ವೆಲ್ಲೇ ಗತಿ. ಹೋದ ಮುಂಗಾರಿನಲ್ಲಿ ಸಸಿ ಗೇಣುದ್ದ ಬಂದಿದ್ದಾಗ ಟಿಸಿ, ಅಂದರೆ ಹೊಲದ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಯಿತು. ಅದೇ ಟಿಸಿಯನ್ನು ನಂಬಿದ್ದ ಪಕ್ಕದ ಹೊಲದ ಮಲ್ಲೇಶ ಬಂದ.

‘ಅಣ್ಣಾರ, ನಿಮ್ಮ ಟ್ರ್ಯಾಕ್ಟರ್ ಕೊಡ್ರಿ. ಸುಟ್ಟ ಟಿಸಿ ಹೇರಕೊಂಡು ಹೋಗಿ ಬ್ಯಾರೇದು ತರ್ತೀವಿ. ಲೈನ್‌ಮನ್ ರಫೀಕಗ ನೀವೊಂದು ಮಾತು ಹೇಳ್ರಿ.’

‘ಲೈನ್‌ಮನ್ ಮುಂದ ನಾ ಕೈ ಮುಗದು ನಿಂದ್ರಬೇಕೇನು? ಕರೆಂಟ್ ಹುಟ್ಟೂದ ನನ್ನ ಹೊಲದಾಗ. ಪವರ್‌ಹೌಸಿಂದ ಸೀದಾ ಒಂದು ವೈರ್ ಎಳಸ್ತೀನಿ, ನೋಡ್ಕೋಂತ ಕುಂದ್ರು.’

ಇಸ್ತ್ರಿ ಅಂಗಿ ಹಾಕಿಕೊಂಡು, ಸಾಕ್ಷಿಗೆ ನನ್ನನ್ನೂ ಎಳೆದುಕೊಂಡು ಪವರ್‌ಹೌಸಿಗೆ ಹೋದ. ಇಲ್ಲಿಯ ಕರೆಂಟು ನೇರ ಸಬ್‌ಸ್ಟೇಶನ್ನಿಗೇ ಹೋಗಬೇಕು, ನಡುವೆ ಯಾರಿಗೂ ಕೊಡುವಂತಿಲ್ಲ ಎಂದ ಆಪರೇಟರ್. ಹೊರಬರುವಾಗ ದೊಡ್ಡಬಸಪ್ಪ ತನ್ನ ಕಂಬವನ್ನು ತಟ್ಟಿ, ‘ಹೊಸಾ ಹುಡುಗ. ನಾ ಯಾರಂತ ಗೊತ್ತಿಲ್ಲ ಅವಗ’ ಎಂದ. ಪುಕ್ಕಲನಾದ ನಾನು ಹೌದು ಹೌದು ಎಂದೆ.

ಮರುದಿನವೂ ಹೋದ, ಅದರ ಮರುದಿನವೂ. ಕೆಳಗೆ ಕಾಲುವೆ ಭೋರ್ಗರೆಯುತ್ತಿತ್ತು, ಮೇಲೆ ಸಸಿ ಹಳದಿಗೆ ತಿರುಗುತ್ತಿತ್ತು. ಕೊನೆಗೆ ಅವನ ಹೆಂಡತಿ ಕಳಕಮ್ಮ ಟ್ರ್ಯಾಕ್ಟರಿನ ಕೀಲಿಯನ್ನು ಮಲ್ಲೇಶನ ಕೈಗಿಟ್ಟಳು.

‘ಒಯ್ಯಪಾ. ಇವರ ಕರೆಂಟ್ ಮಗಳನ್ನ ಗಂಡನ ಮನಿಯವರು ಪಂಚಮಿಗೂ ಕಳಸವಲ್ರು. ನಾವ ಹೋಗಿ ಕರಕೊಂಡು ಬರೂಣು.’

ರಫೀಕ ಬೇರೆ ಟಿಸಿ ಕೂರಿಸಿದ, ಮೋಟಾರು ತಿರುಗಿತು. ಅಷ್ಟರಲ್ಲಿ ಸಸಿಮಡಿ ಅರ್ಧ ಸುಟ್ಟಿತ್ತು. ಉಳಿದದ್ದು ಅರ್ಧ ಹೊಲಕ್ಕೆ ಮಾತ್ರ ಸಾಲಿತು. ಮಿಕ್ಕರ್ಧದಲ್ಲಿ ಈಗ ಕಸ ಬೆಳೆದಿದೆ.

‘ಯಾಕ್ರಿ ಗೌಡ್ರ, ಈ ಕಡೆ ಭತ್ತ ಹಚ್ಚೇ ಇಲ್ಲಲ್ಲ?’ ಎಂದು ದಾರಿಯಲ್ಲಿ ಹೋಗುವವರು ಕೇಳಿದರೆ ದೊಡ್ಡಬಸಪ್ಪ ಮುಖ ಗಂಭೀರ ಮಾಡಿಕೊಳ್ಳುತ್ತಾನೆ.

‘ಬೇಕಂತನ ಬಿಟ್ಟೀನ್ರಿ. ಎರಡನೇ ಪವರ್‌ಹೌಸಿಗೆ ಜಾಗಾ ಬೇಕಲ್ಲ.’