ಎಡಗೈಯ ಅರ್ಧ ಸೆಟ್

ಎಪ್ಪತ್ತು ದಾಟಿದ ಮೇಲೆ ನನಗೆ ಗಾಲ್ಫ್ ಹುಚ್ಚು ಹಿಡಿಯಿತು. ಇದನ್ನು ನಮ್ಮ ಹಿರೇಬೆಂಡಿಗೇರಿಯ ಕಟ್ಟೆಯ ಮೇಲೆ ಹೇಳಿದರೆ ಮಂದಿ ನಕ್ಕಾರು, ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ಹಚ್ಚಿಕೊಟ್ಟವನು ಅಳಿಯ. ಬೆಳಗಾವಿಯಲ್ಲಿ ಒಂದು ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವುದು ಅವನ ಕೆಲಸ. ಒಂದು ಮುಂಜಾನೆ, ಆಡುವವರು ಬರುವ ಮೊದಲು, ನನ್ನ ಕೈಗೊಂದು ಕೋಲು ಕೊಟ್ಟ. ಎಂಟು ಸಲ ಗಾಳಿಗೆ ಹೊಡೆದೆ. ಒಂಬತ್ತನೆಯ ಸಲ ಚೆಂಡು ಟಕ್ಕನೆ ಎದ್ದು ಬೆಳವನ ಹಕ್ಕಿಯ ಹಾಗೆ ಹಾರಿತು. ಬುದ್ಧಿ ಕೆಡಲು ಅಷ್ಟು ಸಾಕಾಯಿತು.

ಹೊರಡುವಾಗ ಅಳಿಯ ಒಂದು ಚೀಟಿ ಬರೆದುಕೊಟ್ಟ. ಹೊಸಬರಿಗೆ ಪೂರ್ತಿ ಹದಿನಾಲ್ಕು ಕೋಲು ಬೇಡ, ಅರ್ಧ ಸೆಟ್ ಸಾಕು. ಉದ್ದ ನಿಮ್ಮ ಎತ್ತರಕ್ಕೆ ಹೊಂದಬೇಕು. ವಯಸ್ಸಾದವರ ಬೀಸಿಗೆ ಬಳುಕುವ ದಂಡವೇ ಒಳ್ಳೆಯದು. ಕೋಲಿನ ತಲೆ ಅಗಲ ಇರಲಿ, ಏಟು ಅತ್ತಿತ್ತ ಬಿದ್ದರೂ ಚೆಂಡು ದಾರಿ ತಪ್ಪುವುದಿಲ್ಲ. ಅಂಥ ಕೋಲಿಗೆ ಆಟದವರು ‘ಕ್ಷಮಿಸುವ ಕೋಲು’ ಅನ್ನುತ್ತಾರಂತೆ. ಎತ್ತು ಕೊಳ್ಳುವಾಗ ಹಲ್ಲು ನೋಡಿದವನು ನಾನು, ಸುಳಿ ನೋಡಿದವನು. ಕ್ಷಮೆಯನ್ನು ನೋಡಿ ಸಾಮಾನು ಕೊಳ್ಳುವುದು ಹೊಸದಾಗಿತ್ತು.

ಸವಣೂರಿನ ಮೌಲಾಸಾಬ ಹುಬ್ಬಳ್ಳಿಯಿಂದ ಹಳೆಯ ಸಾಮಾನು ತಂದು ಮಾರುತ್ತಾನೆ. ಹೆಂಡತಿ ಶಾಂತವ್ವನನ್ನೂ ಕರೆದುಕೊಂಡು ಅವನ ಅಂಗಡಿಗೆ ಹೋದೆ. ಅಲ್ಲಿ ಎರಡು ಚೀಲ ಇದ್ದವು. ಒಂದರಲ್ಲಿ ಹದಿನಾಲ್ಕೂ ಕೋಲು, ಮದುವೆಯ ಹಿತ್ತಾಳೆ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ಇನ್ನೊಂದು ಮಾಸಿದ ಅರ್ಧ ಸೆಟ್.

“ಕಾಕಾ, ನಿಮ್ಮವು ಇವು ನೋಡ್ರಿ” ಎಂದು ಮೌಲಾಸಾಬ ಹೊಳೆಯುವುದನ್ನು ಮುಂದೆ ತಳ್ಳಿದ. “ಅವು ಎಡಗೈಯವರವು. ವರ್ಷಾತು, ಒಬ್ಬರೂ ಕೇಳಿಲ್ಲ.”

ಚೀಟಿ ಜೇಬಿನಲ್ಲೇ ಉಳಿಯಿತು. ನಾನು ಹೊಳಪಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದೆ. ತಿರುಗಿದಾಗ ಶಾಂತವ್ವ ಮಾಸಿದ ಚೀಲದಿಂದ ಒಂದು ಕೋಲು ತೆಗೆದು, ನೆಲಕ್ಕೆ ಊರಿ, ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಯಾರೂ ಕಲಿಸಿರಲಿಲ್ಲ. ಕೈಗಳು ತಾವಾಗಿಯೇ ತಮ್ಮ ಜಾಗ ಹಿಡಿದಿದ್ದವು. ಎಡಗೈಯ ತೋರುಬೆರಳಿನ ಮೇಲೆ ಹಳೆಯ ಗಾಯದ ಗೆರೆ.

ಆ ಗೆರೆ ನನ್ನದು. ಮದುವೆಯಾದ ವರ್ಷ ಭತ್ತದ ಕೊಯ್ಲಿಗೆ ಮುಂಚೆ ಆಕೆ ಕೇಳಿದ್ದಳು: “ದುಂಡಸಿ ಕಂಬಾರಗ ಹೇಳಿ ನನಗೊಂದು ಎಡಗೈ ಕುಡಗೋಲು ಮಾಡಿಸಿಕೊಡ್ರಿ.” ನಮ್ಮ ಕುಡಗೋಲುಗಳ ಬಾಯಿ ಒಂದೇ ಮಗ್ಗುಲಿಗೆ ಮಸೆದದ್ದು, ಬಲಗೈಗೆ ಮಾತ್ರ ಒಗ್ಗುತ್ತದೆ. ಕಂಬಾರನಿಗೆ ಅದು ಅರ್ಧ ತಾಸಿನ ಕೆಲಸ. ಆದರೆ ಕೊಯ್ಯುವ ಸಾಲಿನಲ್ಲಿ ಎಲ್ಲರ ಕೈ ಒಂದು ಕಡೆ, ನನ್ನ ಹೆಂಡತಿಯ ಕೈ ಇನ್ನೊಂದು ಕಡೆ! ಆಕೆ ಎಡಗೈಯಲ್ಲಿ ನೀರು ಕೊಟ್ಟರೂ ಮುಖ ತಿರುಗಿಸುತ್ತಿದ್ದವನು ನಾನು. “ಮಂದಿ ಏನಂದಾರು? ಬಲಗೈಲೆ ಕೊಯ್ಯಿ. ರೂಢಿ ಆದ್ರ ಸರಿಹೋಗ್ತೈತಿ” ಎಂದೆ. ನಾಲ್ಕನೆಯ ದಿನ ಪೈರು ಹಿಡಿದ ಎಡಗೈಯ ಬೆರಳು ಎಲುಬಿನ ತನಕ ಕೊಯ್ದುಹೋಯಿತು. ಅರಿಷಿಣ ಒತ್ತಿ ಬಟ್ಟೆ ಕಟ್ಟುತ್ತಾ, ಧ್ಯಾನ ಎಲ್ಲಿತ್ತು ಎಂದು ಆಕೆಯನ್ನೇ ಬೈದೆ. ಆ ಬೆರಳಿನ ತುದಿಗೆ ಇವತ್ತಿಗೂ ಬಿಸಿ ತಿಳಿಯುವುದಿಲ್ಲ. ಅಷ್ಟು ವರ್ಷದಲ್ಲಿ ಒಮ್ಮೆಯೂ ನಾನು ತಪ್ಪಾಯಿತು ಅಂದಿಲ್ಲ.

“ಇವನ್ನ ಕಟ್ಟು” ಎಂದು ಮಾಸಿದ ಚೀಲ ತೋರಿಸಿದೆ.

“ಕಾಕಾ, ನೀವು ಬಲಗೈಯವರು.”

“ಈಕಿ ಎಡಗೈಯಾಕಿ.”

ಶಾಂತವ್ವ ನಕ್ಕಳು, ನನ್ನ ಕಡೆ ನೋಡಲಿಲ್ಲ. “ಆವಾಗ ಒಂದು ಕುಡಗೋಲು ಸಾಕಿತ್ರಿ.”

“ಅದನ್ನೂ ಮಾಡಿಸ್ತೇನಿ.”

“ಈಗ ಕೊಯ್ಯಾಕ ಮಷೀನ್ ಬರ್ತಾವ.”

ಮೌಲಾಸಾಬ ಚೀಲಕ್ಕೆ ಹಗ್ಗ ಸುತ್ತಿದ.

ಮರುದಿನ ಮುಂಜಾನೆ ಕೊಯ್ಲಾದ ಹೊಲಕ್ಕೆ ಹೋದೆವು. ಆಕೆ ಸೆರಗು ಸಿಕ್ಕಿಸಿ ನಿಂತಳು. ಮೂರನೆಯ ಏಟಿಗೆ ಚೆಂಡು ಬದು ದಾಟಿತು. ಆಮೇಲೆ ನನ್ನ ಸರದಿ, ಅದೇ ಕೋಲು. ಸೊಂಟ ಒಂದು ಕಡೆ ತಿರುಗಿತು, ಕೈ ಇನ್ನೊಂದು ಕಡೆ. ಮಣ್ಣು ಎದ್ದಿತು, ಮೊಣಕಾಲಿಗೆ ಪೆಟ್ಟಾಯಿತು, ಚೆಂಡು ಇದ್ದಲ್ಲೇ ಇತ್ತು. ಇಷ್ಟು ವರ್ಷ ಆಕೆ ಹೇಗೆ ಬದುಕಿದಳು ಎಂಬುದು ನನ್ನ ಮೈಗೆ ಆಗ ತಿಳಿಯಿತು.

“ಇದು ನನ್ನ ಕೈಗೆ ಒಗ್ಗಂಗಿಲ್ಲ. ನಿನಗೂ ಆವಾಗ ಒಗ್ಗಿರಲಿಲ್ಲ. ನಂದ ತಪ್ಪು” ಎಂದೆ.

ಬದುವಿನ ಮೇಲೆ ಕೂತಿದ್ದ ಶಾಂತವ್ವ ಸಿಕ್ಕಿಸಿದ್ದ ಸೆರಗು ಬಿಚ್ಚಿದಳು. “ರೂಢಿ ಆದ್ರ ಸರಿಹೋಗ್ತೈತಿ ಬಿಡ್ರಿ” ಅಂದಳು.

ಆಮೇಲೆ ಎದ್ದು ಬಂದು, ಬಿದ್ದಿದ್ದ ಚೆಂಡನ್ನು ಸೆರಗಿಗೆ ಒರೆಸಿ, ನನ್ನತ್ತ ಚಾಚಿದಳು. ಎಡಗೈಯಲ್ಲಿ. ನಾನು ಎರಡೂ ಕೈ ಒಡ್ಡಿ ತೆಗೆದುಕೊಂಡೆ.